ಔಷಧಿಯೆಂಬ ಹೆಸರು

ನಮ್ಮ ಹಳ್ಳಿಗಳಲ್ಲಿ ಬೆಳೆಗೆ ಕೀಟನಾಶಕವನ್ನು ಸಿಂಪಡಿಸುವ ಕೆಲಸಕ್ಕೆ ‘ಔಷಧಿ ಹೊಡೆಯುವುದು’ ಎಂಬ ಮಾತು ರೂಢಿಯಲ್ಲಿದೆ. ಉತ್ತರ ಕರ್ನಾಟಕದ ಕಡೆ ‘ಎಣ್ಣೆ ಹೊಡೆಯುವುದು’ ಎಂದೂ ಹೇಳುವುದುಂಟು. ಎರಡೂ ಸೌಮ್ಯವಾದ ಮಾತುಗಳು. ಔಷಧಿಯೆಂದರೆ ರೋಗವನ್ನು ವಾಸಿ ಮಾಡುವಂಥದು. ಎಣ್ಣೆಯೆಂದರೆ ಅಡುಗೆಮನೆಯಲ್ಲಿ ಇರುವಂಥದು, ತಲೆಗೆ ಹಚ್ಚಿಕೊಳ್ಳುವಂಥದು. ಹುಳು ಬಿದ್ದ ಹತ್ತಿ ಗಿಡದ ಕಡೆಯಿಂದ ನೋಡಿದರೆ ಔಷಧಿಯೆಂಬ ಹೆಸರು ತಪ್ಪೇನೂ ಅಲ್ಲ. ಆದರೆ ಡಬ್ಬಿಯ ಮುಚ್ಚಳವನ್ನು ತೆರೆಯುವ ಮನುಷ್ಯನ ಕಡೆಯಿಂದ ನೋಡಿದರೆ ಅದು ವಿಷ. ಹೆಸರು ಸೌಮ್ಯವಾದಷ್ಟೂ ಕೈಗೆ ಸಲಿಗೆ ಹೆಚ್ಚುತ್ತದೆ. ಹಾವನ್ನು ಕಂಡರೆ ಹತ್ತು ಮಾರು ದೂರ ಸರಿಯುವವನು ಅದಕ್ಕಿಂತ ಉಗ್ರವಾದ ವಿಷವನ್ನು ಬರಿಗೈಯಲ್ಲಿ ಕಲಸುತ್ತಾನೆ.

ಈ ಸಲಿಗೆಯ ಬೆಲೆ ಎಷ್ಟೆಂಬುದು ದೇಶಕ್ಕೆ ಮೊದಲು ತಿಳಿದದ್ದು 1958ರಲ್ಲಿ. ಆ ವರ್ಷ ಮುಂಬಯಿಯಿಂದ ಕೊಚ್ಚಿಗೆ ಹೊರಟ ಹಡಗೊಂದರಲ್ಲಿ ಆಹಾರ ಪದಾರ್ಥದ ಮೂಟೆಗಳನ್ನೂ ಪ್ಯಾರಾಥಿಯಾನ್ ಎಂಬ ಕೀಟನಾಶಕದ ಡಬ್ಬಗಳನ್ನೂ ಒಂದೇ ಕೋಣೆಯಲ್ಲಿ ತುಂಬಿದ್ದರು. ದಾರಿಯಲ್ಲಿ ಡಬ್ಬಗಳು ಸೋರಿದವು. ಸೋರಿದ ದ್ರವವು ಮೂಟೆಗಳಿಗೆ ಇಳಿಯಿತು. ಹಿಟ್ಟು ಹಿಟ್ಟಿನಂತೆಯೇ ಇದ್ದುದರಿಂದ ಮೂಟೆಗಳು ಅಂಗಡಿಗಳಿಗೆ ಹೋದವು, ಅಲ್ಲಿಂದ ಮನೆಗಳಿಗೆ ಹೋದವು. ಅದರಿಂದ ಮಾಡಿದ ತಿನಿಸನ್ನು ಉಂಡು ಕೇರಳದಲ್ಲಿಯೂ ಅಂದಿನ ಮದ್ರಾಸ್ ರಾಜ್ಯದಲ್ಲಿಯೂ ಒಟ್ಟು ನೂರಕ್ಕೂ ಹೆಚ್ಚು ಜನರು ಸತ್ತರು. ಅವರಲ್ಲಿ ಯಾರೂ ಕೀಟನಾಶಕವನ್ನು ಕೊಂಡವರಲ್ಲ, ಕಂಡವರೂ ಅಲ್ಲ. ಹಡಗಿಗೆ ಸರಕು ತುಂಬುವ ಕೆಲಸದಲ್ಲಿ ನಡೆದ ಒಂದು ಅಜಾಗರೂಕತೆಗೆ ಅವರು ಬಲಿಯಾದರು.

ಕೇಂದ್ರ ಸರ್ಕಾರವು ನ್ಯಾಯಮೂರ್ತಿ ಜೆ. ಸಿ. ಷಾ ಅವರ ನೇತೃತ್ವದಲ್ಲಿ ವಿಚಾರಣಾ ಆಯೋಗವನ್ನು ನೇಮಿಸಿತು. ಇಂತಹ ವಸ್ತುಗಳ ತಯಾರಿಕೆ, ಸಾಗಣೆ, ಮಾರಾಟ ಮತ್ತು ಬಳಕೆಗೆ ಒಂದು ಕಾನೂನು ಅಗತ್ಯವೆಂಬ ಮಾತು ಅಲ್ಲಿಂದ ಬಲಗೊಂಡಿತು. ಹತ್ತು ವರ್ಷಗಳ ಬಳಿಕ, 1968ರಲ್ಲಿ, ಸಂಸತ್ತು ಕೀಟನಾಶಕಗಳ ಕಾಯಿದೆಯನ್ನು ಅಂಗೀಕರಿಸಿತು. 1971ರಲ್ಲಿ ಅದರ ನಿಯಮಗಳು ಬಂದವು. ಡಬ್ಬಿಗಳ ಮೇಲೆ ಇಂದು ಕಾಣುವ, ಮೂಲೆಯ ಮೇಲೆ ನಿಲ್ಲಿಸಿದ ಚೌಕದ ಗುರುತು ಈ ನಿಯಮಗಳ ಫಲ. ಚೌಕದ ಕೆಳಭಾಗದ ತ್ರಿಕೋನಕ್ಕೆ ಒಂದು ಬಣ್ಣ ಇರುತ್ತದೆ. ಪ್ರಯೋಗದ ಪ್ರಾಣಿಗಳಿಗೆ ವಿಷವನ್ನು ತಿನ್ನಿಸಿದಾಗ ಅವುಗಳಲ್ಲಿ ಅರ್ಧದಷ್ಟು ಸಾಯಲು, ಮೈತೂಕದ ಒಂದು ಕಿಲೋಗ್ರಾಮಿಗೆ 50 ಮಿಲಿಗ್ರಾಮ್ ಅಥವಾ ಅದಕ್ಕಿಂತ ಕಡಿಮೆ ವಿಷ ಸಾಕಾದರೆ ಬಣ್ಣ ಕೆಂಪು. 500ರವರೆಗೆ ಬೇಕಾದರೆ ಹಳದಿ, 5000ದವರೆಗೆ ನೀಲಿ, ಅದಕ್ಕೂ ಮೀರಿದರೆ ಹಸಿರು. ಕೆಂಪಿನ ಮೇಲ್ಭಾಗದಲ್ಲಿ ತಲೆಬುರುಡೆ ಮತ್ತು ಎರಡು ಎಲುಬುಗಳ ಚಿತ್ರವೂ ಇರುತ್ತದೆ. ಅಕ್ಷರ ಬಾರದವರಿಗೂ ತಿಳಿಯಲೆಂದೇ ಬಣ್ಣದ ಈ ಭಾಷೆಯನ್ನು ಆರಿಸಿದ್ದು. ಆದರೆ ಬಣ್ಣದ ಅರ್ಥವನ್ನೂ ಯಾರಾದರೂ ಒಮ್ಮೆ ಹೇಳಿಕೊಡಬೇಕಲ್ಲವೆ? ಹಸಿರು ಎಂದರೆ ನಿರಪಾಯ ಎಂದಲ್ಲ, ಅಪಾಯ ಕಡಿಮೆ ಎಂದಷ್ಟೇ.

ಹುಳುವನ್ನು ಕೊಲ್ಲುವ ವಸ್ತು ಮನುಷ್ಯನನ್ನು ಏಕೆ ಕೊಲ್ಲಬೇಕು? ಇದಕ್ಕೆ ಉತ್ತರ ಸ್ವಾರಸ್ಯವಾದುದು, ಸ್ವಲ್ಪ ಭಯಂಕರವೂ ಆದುದು. ಜರ್ಮನಿಯ ರಸಾಯನಶಾಸ್ತ್ರಜ್ಞ ಗೆರ್ಹಾರ್ಡ್ ಶ್ರಾಡರ್ ಎಂಬವನು 1936ರಲ್ಲಿ ಹೊಸ ಕೀಟನಾಶಕಗಳನ್ನು ಹುಡುಕುತ್ತಿದ್ದಾಗ ರಂಜಕವುಳ್ಳ ಒಂದು ವಸ್ತುವನ್ನು ತಯಾರಿಸಿದನು. ಅದು ಹುಳುಗಳಿಗಷ್ಟೇ ಅಲ್ಲ, ಪ್ರಯೋಗಶಾಲೆಯಲ್ಲಿದ್ದವರಿಗೂ ಉಸಿರು ಕಟ್ಟಿಸಿತು. ಆ ವಸ್ತುವೇ ಮುಂದೆ ‘ಟಾಬುನ್’ ಎಂಬ ಯುದ್ಧದ ವಿಷಾನಿಲವಾಯಿತು. ಪ್ಯಾರಾಥಿಯಾನ್ ಸಹ ಅವನದೇ ಶೋಧ. ಯುದ್ಧದ ವಿಷವೂ ಹೊಲದ ವಿಷವೂ ಒಂದೇ ಮನೆತನದವು ಎಂಬುದು ಇದರಿಂದ ತಿಳಿಯುತ್ತದೆ. ಇವುಗಳಿಗೆ ಸಾವಯವ ರಂಜಕ ಕೀಟನಾಶಕಗಳು ಎಂದು ಹೆಸರು.

ದೇಹದಲ್ಲಿ ಒಂದು ನರದಿಂದ ಮಾಂಸಖಂಡಕ್ಕೆ ಆಜ್ಞೆ ಹೋಗಬೇಕಾದರೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ನಡುವಿನ ಸಣ್ಣ ಅಂತರವನ್ನು ದಾಟುತ್ತದೆ. ಆಜ್ಞೆ ಮುಟ್ಟಿದ ಕೂಡಲೇ ಒಂದು ಕಿಣ್ವವು ಅದನ್ನು ಒಡೆದು ಹಾಕುತ್ತದೆ. ಕೆರೆಯ ತೂಬನ್ನು ತೆರೆದು, ಗದ್ದೆಗೆ ಬೇಕಾದಷ್ಟು ನೀರು ಹರಿದ ಮೇಲೆ ಮುಚ್ಚುವ ನೀರಗಂಟಿಯ ಕೆಲಸ ಆ ಕಿಣ್ವದ್ದು. ಸಾವಯವ ರಂಜಕ ವಿಷವು ಈ ನೀರಗಂಟಿಯ ಕೈಯನ್ನು ಕಟ್ಟಿಹಾಕುತ್ತದೆ. ತೂಬು ತೆರೆದೇ ಉಳಿಯುತ್ತದೆ. ಆಗ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು. ಕಣ್ಣಿನ ಪಾಪೆಗಳು ಚುಕ್ಕಿಯಷ್ಟು ಕಿರಿದಾಗುತ್ತವೆ. ಹೊಟ್ಟೆ ನುಲಿಯುತ್ತದೆ, ಮಾಂಸಖಂಡಗಳು ಅದಿರುತ್ತವೆ, ಕೊನೆಗೆ ಉಸಿರಾಟವೇ ನಿಲ್ಲಬಹುದು. ಹುಳುವಿನ ನರದಲ್ಲಿಯೂ ಮನುಷ್ಯನ ನರದಲ್ಲಿಯೂ ಇರುವ ನೀರಗಂಟಿ ಒಂದೇ ಬಗೆಯವನು. ವಿಷಕ್ಕೆ ಇಬ್ಬರೊಳಗೆ ಭೇದ ತಿಳಿಯುವುದಿಲ್ಲ. ಹುಳುವಿಗೆ ಸ್ವಲ್ಪ ಸಾಕು, ಮನುಷ್ಯನಿಗೆ ಹೆಚ್ಚು ಬೇಕು, ಅಷ್ಟೇ.

ಆ ಹೆಚ್ಚಿನ ಪ್ರಮಾಣವು ಮೈಯನ್ನು ಸೇರುವುದು ಹೇಗೆ? ಬಾಯಿಯಿಂದ ಎಂದು ಬಹುಮಂದಿ ತಿಳಿದಿದ್ದಾರೆ. ಕುಡಿಯದಿದ್ದರೆ ಸಾಕು, ಮೂಗಿಗೆ ಒಂದು ವಸ್ತ್ರ ಕಟ್ಟಿಕೊಂಡರೆ ಮತ್ತೂ ಒಳ್ಳೆಯದು ಎಂಬುದು ಅವರ ಭಾವನೆ. ವಾಸ್ತವವಾಗಿ, ಹೊಲದಲ್ಲಿ ಕೆಲಸ ಮಾಡುವವನ ಮೈಯೊಳಗೆ ವಿಷ ಹೋಗುವ ಹೆದ್ದಾರಿ ಚರ್ಮ. ಅದರಲ್ಲಿಯೂ ಎಲ್ಲ ಭಾಗದ ಚರ್ಮ ಒಂದೇ ಸಮನಲ್ಲ. ಪ್ಯಾರಾಥಿಯಾನನ್ನು ಅತ್ಯಲ್ಪ ಪ್ರಮಾಣದಲ್ಲಿ ಚರ್ಮಕ್ಕೆ ಹಚ್ಚಿ ಅಮೆರಿಕದ ವೈದ್ಯರು ಅಳತೆ ಮಾಡಿ ನೋಡಿದ್ದಾರೆ. ಮುಂಗೈಗೆ ಹಚ್ಚಿದ್ದರಲ್ಲಿ ನೂರಕ್ಕೆ ಸುಮಾರು 9 ಪಾಲು ಒಳಗೆ ಹೋದರೆ, ಹಣೆಗೆ ಹಚ್ಚಿದ್ದರಲ್ಲಿ ಸುಮಾರು 36 ಪಾಲು ಹೋಯಿತು. ಕಂಕುಳಲ್ಲಿ ಅದು 60 ಪಾಲನ್ನೂ ಮೀರಿತು. ಬೆವರು ಒರೆಸಲೆಂದು ಔಷಧಿಯ ಕೈಯನ್ನು ಹಣೆಯ ಮೇಲೆ ಎಳೆಯುವ ಆ ಒಂದು ಕ್ಷಣದ ಅಭ್ಯಾಸ ಎಷ್ಟು ದುಬಾರಿಯೆಂಬುದನ್ನು ಈ ಅಂಕಿಗಳು ತೋರಿಸುತ್ತವೆ. ಚರ್ಮವು ಉರಿಯಬೇಕು, ಕೆಂಪಾಗಬೇಕು ಎಂಬ ನಿಯಮವೂ ಇಲ್ಲ. ಯಾವ ಸೂಚನೆಯನ್ನೂ ಕೊಡದೆ ವಿಷ ಒಳಗೆ ಹೋಗಬಲ್ಲದು.

ಹತ್ತಿ ಬೆಳೆಯುವ ಸೀಮೆಯಲ್ಲಿ ಔಷಧಿ ಹೊಡೆಯುವ ದಿನವು ಸಾಮಾನ್ಯವಾಗಿ ಅಂಗಡಿಯಲ್ಲಿ ಆರಂಭವಾಗುತ್ತದೆ. “ಹುಳಾ ಭಾಳ ಬಿದ್ದಾವ್ರೀ, ಜೋರಾದ್ದೊಂದು ಕೊಡ್ರಿ” ಎಂದು ರೈತನು ಕೇಳುತ್ತಾನೆ. “ಇದನ್ನ ಒಯ್ಯಿರಿ. ಒಂದು ಟಾಕಿಗೆ ಎರಡು ಮುಚ್ಚಳ ಹಾಕ್ರಿ” ಎಂದು ಅಂಗಡಿಯವನು ಕೊಡುತ್ತಾನೆ. ಯಾವ ಹುಳು, ಎಷ್ಟು ಎಕರೆ, ಹೊಡೆಯುವವರು ಯಾರು, ಈ ಪ್ರಶ್ನೆಗಳು ಏಳುವುದೇ ಅಪರೂಪ. ಡಬ್ಬಿಯ ಜೊತೆ ಮಡಿಸಿ ಇಟ್ಟ ಚೀಟಿಯಲ್ಲಿ ಎಲ್ಲವೂ ಬರೆದಿರುತ್ತದೆ. ಆದರೆ ಅಕ್ಷರಗಳು ಸಾಸಿವೆಗಿಂತ ಚಿಕ್ಕವು. ಮನೆಯಲ್ಲಿ ಓದು ಬಲ್ಲ ಮಕ್ಕಳಿದ್ದರೆ ಆ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳುವ ಕೆಲಸ ಅವರದಾಗಬಹುದು. ಕಲಸುವ, ಹೊಡೆಯುವ ಕೆಲಸ ಮಾತ್ರ ಎಂದಿಗೂ ಮಕ್ಕಳದಲ್ಲ.

ದಿನದ ಅತ್ಯಂತ ಅಪಾಯದ ಗಳಿಗೆ ಸಿಂಪಡಿಸುವಾಗಿನದಲ್ಲ, ಕಲಸುವಾಗಿನದು. ಪಂಪಿನೊಳಗೆ ಇರುವುದು ನೀರು ಬೆರೆತ ವಿಷ. ಡಬ್ಬಿಯೊಳಗೆ ಇರುವುದು ಗಟ್ಟಿ ವಿಷ. ಅಲ್ಲಿ ಸಿಡಿದ ಒಂದು ಹನಿ, ಹೊಲದಲ್ಲಿ ಮೈಮೇಲೆ ಬಿದ್ದ ನೂರಾರು ಹನಿಗಳಿಗೆ ಸಮ. ಆದುದರಿಂದ ಕೈಗವಸು, ಕಣ್ಣಿನ ಕನ್ನಡಕ, ಮುಂಭಾಗಕ್ಕೊಂದು ಪ್ಲಾಸ್ಟಿಕ್ಕಿನ ಹೊದಿಕೆ ಇವು ಮೊದಲು ಬೇಕಾದುದು ಇಲ್ಲಿ. ಅಳತೆಗೆ ಪ್ರತ್ಯೇಕವಾದ ಪಾತ್ರೆ ಇರಬೇಕು. ಕಲಸಲು ಉದ್ದನೆಯ ಕೋಲು ಇರಬೇಕು. ಜಾಗವು ಬಾವಿಯಿಂದ, ದನಕರುಗಳಿಂದ ದೂರವಾಗಿ ಬಯಲಿನಲ್ಲಿರಬೇಕು. ಕೈಗವಸಿಗೆ ತೂತಿದ್ದರೆ ಅದನ್ನು ಹಾಕಿಕೊಳ್ಳದಿರುವುದೇ ಮೇಲು. ಒಳಗೆ ಹೊಕ್ಕ ವಿಷವನ್ನು ಅದು ಇಡೀ ದಿನ ಚರ್ಮಕ್ಕೆ ಒತ್ತಿ ಹಿಡಿದಿರುತ್ತದೆ.

ಇಂತಹ ವಿಷಯದಲ್ಲಿ ಶಿಸ್ತು ನಮ್ಮವರಿಗೆ ಹೊಸತೇನಲ್ಲ. ಮಲೆನಾಡಿನಲ್ಲಿ ಅಡಿಕೆಗೆ ತಗಲುವ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಹೊಡೆಯುವ ಪದ್ಧತಿ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿಯೇ ಬಂದಿತು. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಆ ರೋಗವನ್ನು ಅಭ್ಯಸಿಸಿ ಉಪಾಯವನ್ನು ತೋರಿಸಿಕೊಟ್ಟವನು. ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಕಬ್ಬಿಣದ ಪಾತ್ರೆ ಕೂಡದು. ದ್ರಾವಣ ಸಿದ್ಧವಾದ ಮೇಲೆ ತೋಟಿಗನು ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆಯುತ್ತಾನೆ. ಅಲಗಿನ ಮೇಲೆ ತಾಮ್ರದ ಕೆಂಪು ಕಾಣಿಸಿದರೆ ಸುಣ್ಣ ಸಾಲದೆಂದು ಅರ್ಥ, ಮತ್ತಷ್ಟು ಸೇರಿಸುತ್ತಾನೆ. ಇಲ್ಲಿ ತಪ್ಪನ್ನು ಕಣ್ಣು ಹಿಡಿಯಬಲ್ಲದು. ಬಳಿಕ ಬಂದ ನರವಿಷಗಳಿಗೆ ಇಂತಹ ಕತ್ತಿಯಲಗಿನ ಪರೀಕ್ಷೆಯಿಲ್ಲ. ಎರಡು ಮುಚ್ಚಳದ ಬದಲು ನಾಲ್ಕು ಹಾಕಿದರೂ ನೀರು ಅದೇ ಹಾಲಿನ ಬಣ್ಣದ್ದಾಗಿ ಕಾಣುತ್ತದೆ. ಹೀಗಾಗಿ ಚೀಟಿಯಲ್ಲಿರುವ ಅಳತೆಯೊಂದೇ ಆಧಾರ.

ಹೊಲಕ್ಕೆ ಇಳಿದ ಮೇಲೆ ಗಾಳಿಯೇ ಯಜಮಾನ. ಗಾಳಿಗೆ ಎದುರಾಗಿ ನಡೆದರೆ ತುಂತುರು ಹೊಡೆಯುವವನ ಮುಖಕ್ಕೇ ಬರುತ್ತದೆ. ಗಾಳಿಗೆ ಅಡ್ಡಲಾಗಿ ನಡೆಯುತ್ತ, ಹೊಡೆದ ಸಾಲು ಗಾಳಿಯ ಕೆಳಮಗ್ಗುಲಿಗೆ ಉಳಿಯುವಂತೆ ಸಾಗುವುದು ಸರಿಯಾದ ಕ್ರಮ. ಬಿರುಗಾಳಿಯಲ್ಲಿ, ನಡುಹಗಲಿನ ಬಿಸಿಲಿನಲ್ಲಿ ಕೆಲಸ ನಿಲ್ಲಿಸಬೇಕು. ಬೆನ್ನಿಗೆ ಹೊತ್ತ ಪಂಪು ಮುಚ್ಚಳದ ಬಳಿ ಸೋರುತ್ತಿದ್ದರೆ ಬೆನ್ನು ಬೆವರಿನಿಂದ ಒದ್ದೆಯಾಯಿತೋ ವಿಷದಿಂದ ಒದ್ದೆಯಾಯಿತೋ ತಿಳಿಯುವುದೇ ಇಲ್ಲ. ಅದಕ್ಕಾಗಿ ಬರೀ ನೀರು ತುಂಬಿ ಮೊದಲು ಪರೀಕ್ಷಿಸುವುದುಂಟು. ತುಂತುರಿನ ತೂತು ಕಟ್ಟಿಕೊಂಡಾಗ ಬಾಯಿಯಿಂದ ಊದುವವರು ಇಂದಿಗೂ ಇದ್ದಾರೆ. ಒಂದು ಹುಲ್ಲುಕಡ್ಡಿಯೂ ನೀರೂ ಆ ಕೆಲಸವನ್ನು ಮಾಡಬಲ್ಲವು. ನಡುವೆ ಎಲೆಯಡಿಕೆ, ಬೀಡಿ, ರೊಟ್ಟಿ ಯಾವುದೂ ಸಲ್ಲದು; ಬೇಕೆನಿಸಿದರೆ ಕೈ, ಮುಖಗಳನ್ನು ಸಾಬೂನಿನಿಂದ ತೊಳೆದು ದೂರ ಕುಳಿತು ಉಣ್ಣಬೇಕು.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಈ ಎಚ್ಚರಗಳೆಲ್ಲ ಒಟ್ಟಿಗೆ ತಪ್ಪಿದವು. ಆ ವರ್ಷ ಅಲ್ಲಿ ಹತ್ತಿಯ ಗಿಡಗಳು ಮನುಷ್ಯನ ಎತ್ತರಕ್ಕೆ, ಕೆಲವೆಡೆ ಅದಕ್ಕೂ ಎತ್ತರಕ್ಕೆ ಬೆಳೆದಿದ್ದವು. ಕಾಯಿಕೊರಕದ ಕಾಟ ಹೆಚ್ಚಿತ್ತು. ಮೊಣಕಾಲೆತ್ತರದ ಗಿಡಕ್ಕೆ ಹೊಡೆಯುವವನು ಪಂಪಿನ ಕೊಳವೆಯನ್ನು ಕೆಳಕ್ಕೆ ಹಿಡಿಯುತ್ತಾನೆ. ತಲೆಯೆತ್ತರದ ಗಿಡಕ್ಕೆ ಮೇಲಕ್ಕೆ ಹಿಡಿಯಬೇಕು. ಮೇಲಕ್ಕೆ ಹೋದ ತುಂತುರು ತಲೆ, ಹಣೆ, ಕಣ್ಣುಗಳ ಮೇಲೆಯೇ ಇಳಿಯುತ್ತದೆ. ದಟ್ಟವಾದ ಸಾಲುಗಳ ನಡುವೆ ಗಾಳಿ ಆಡುತ್ತಿರಲಿಲ್ಲ. ಒಂದಕ್ಕಿಂತ ಹೆಚ್ಚು ಕೀಟನಾಶಕಗಳನ್ನು ಬೆರೆಸಿ ಹೊಡೆಯುತ್ತಿದ್ದರು. ಮೈಗೆ ಕಾಪಾಗಿದ್ದುದು ಒಂದು ಅಂಗಿ, ಕೆಲವರಿಗೆ ಮುಖಕ್ಕೊಂದು ವಸ್ತ್ರ. ಕೆಲವು ತಿಂಗಳೊಳಗೆ ನೂರಾರು ಮಂದಿ ಆಸ್ಪತ್ರೆ ಸೇರಿದರು. ಕೆಲವರ ಕಣ್ಣು ಮಂಜಾಯಿತು. ಇಪ್ಪತ್ತಕ್ಕೂ ಹೆಚ್ಚು ಜನರು ತೀರಿಕೊಂಡರು. ಅವರಲ್ಲಿ ಅನೇಕರು ಬೇರೆಯವರ ಹೊಲದಲ್ಲಿ ದಿನಗೂಲಿಗೆ ಪಂಪು ಹೊತ್ತವರು. ಸ್ವಂತ ಹೊಲದವನು ವರ್ಷದಲ್ಲಿ ಕೆಲವು ದಿನ ಮಾತ್ರ ಹೊಡೆಯುತ್ತಾನೆ. ಕೂಲಿಯವನು ಇಂದು ಒಬ್ಬರಲ್ಲಿ, ನಾಳೆ ಮತ್ತೊಬ್ಬರಲ್ಲಿ ಎಂದು ಹಂಗಾಮು ಪೂರ್ತಿ ಹೊಡೆಯುತ್ತಾನೆ. ಡಬ್ಬಿಯನ್ನು ಆರಿಸಿದವನು ಅವನಲ್ಲ, ಚೀಟಿಯನ್ನು ಕಂಡವನೂ ಅವನಲ್ಲ.

ಕಾನೂನು ಇದನ್ನು ಮರೆತಿಲ್ಲ. ಕೀಟನಾಶಕದ ಕೆಲಸಕ್ಕೆ ಜನರನ್ನು ಹಚ್ಚುವವರು ಅವರಿಗೆ ರಕ್ಷಣೆಯ ಉಡುಪನ್ನೂ ತರಬೇತಿಯನ್ನೂ ಕೊಡಬೇಕು, ಕೆಲಸಕ್ಕೆ ಸೇರುವ ಮೊದಲೂ ಅನಂತರ ನಿಯತವಾಗಿಯೂ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು, ಪ್ರಥಮ ಚಿಕಿತ್ಸೆಯ ಸಾಮಗ್ರಿಯನ್ನು ಇಟ್ಟಿರಬೇಕು ಎಂದು 1971ರ ನಿಯಮಗಳಲ್ಲಿದೆ. ಕಾರ್ಖಾನೆಯ ಗೋಡೆಗಳ ಒಳಗೆ ಇದನ್ನು ತಪಾಸಣೆ ಮಾಡುವುದು ಸುಲಭ. ಬಯಲಿನ ಹೊಲದಲ್ಲಿ ತಪಾಸಣೆಗೆ ಬರುವವರು ಯಾರು? ಇನ್ನೊಂದು ತೊಡಕೂ ಉಂಟು. ಮೈಯೆಲ್ಲ ಮುಚ್ಚುವ ರಬ್ಬರಿನ ಉಡುಪು ತಂಪು ದೇಶಕ್ಕೆ ಹೊಂದುವಂಥದು. ನಮ್ಮ ಬಿಸಿಲಿನಲ್ಲಿ ಅದನ್ನು ತೊಟ್ಟು ಹದಿನೈದು ಇಪ್ಪತ್ತು ಕಿಲೋ ತೂಕದ ಪಂಪು ಹೊತ್ತು ನಡೆಯುವವನು ವಿಷದಿಂದ ಉಳಿದರೂ ಸೆಕೆಯಿಂದ ಬೀಳುತ್ತಾನೆ. ಕೂಲಿಕಾರನು ಉಡುಪನ್ನು ಕಳಚಿಟ್ಟರೆ ಅದು ಬರೀ ಉಡಾಫೆಯಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ನೀತಿಸಂಹಿತೆಯು ಈ ಕಷ್ಟವನ್ನು ಬಲ್ಲದು. ತೊಡಲು ಕಷ್ಟವಾದ, ದುಬಾರಿಯಾದ ಅಥವಾ ಸುಲಭವಾಗಿ ಸಿಗದ ರಕ್ಷಣಾ ಉಡುಪನ್ನು ಬೇಡುವ ಕೀಟನಾಶಕಗಳನ್ನು, ಮುಖ್ಯವಾಗಿ ಬಿಸಿ ಹವೆಯ ದೇಶಗಳ ಸಣ್ಣ ರೈತರೂ ಕೂಲಿಗಳೂ ಬಳಸದಂತೆ ಮಾಡಬೇಕು ಎಂಬುದು ಅದರ ಸಲಹೆ. ಉಡುಪನ್ನು ಹುಡುಕುವ ಮೊದಲು ವಿಷವನ್ನೇ ಬದಲಾಯಿಸಬಹುದೇ ಎಂದು ಕೇಳುವುದು ನ್ಯಾಯವಾದ ಕ್ರಮ. ಹುಳು ನಿಜವಾಗಿಯೂ ಹೊಡೆಯುವಷ್ಟು ಹೆಚ್ಚಿದೆಯೇ, ಬೇವಿನ ಕಷಾಯವೋ ಮೋಹಕ ಬಲೆಯೋ ಸಾಕಾಗದೇ, ಕೆಂಪಿನ ಬದಲು ನೀಲಿ ಅಥವಾ ಹಸಿರು ಗುರುತಿನದು ಸಿಗದೇ ಎಂಬ ಪ್ರಶ್ನೆಗಳು ಅಂಗಡಿಯಲ್ಲಿಯೇ ಏಳಬೇಕಾದವು.

ಬೆಂಗಳೂರಿನ ವಿಜ್ಞಾನಿಗಳು ಉಡುಪಿನ ತೊಡಕಿಗೇ ಒಂದು ಪರಿಹಾರವನ್ನು ಯೋಚಿಸಿದ್ದಾರೆ. ಅಲ್ಲಿನ ‘ಇನ್‌ಸ್ಟೆಮ್’ ಸಂಶೋಧನಾಲಯದಲ್ಲಿ ಮೊದಲು ಮೈಗೆ ಹಚ್ಚಿಕೊಳ್ಳುವ ಒಂದು ಲೇಪವನ್ನು ಸಿದ್ಧಪಡಿಸಿದರು. 2018ರಲ್ಲಿ ಅದರ ವಿವರ ಪ್ರಕಟವಾಯಿತು. ಸಾವಯವ ರಂಜಕ ವಿಷವು ಚರ್ಮವನ್ನು ಮುಟ್ಟುವ ಮೊದಲೇ ಲೇಪವು ಅದನ್ನು ಒಡೆದು ಹಾಕುತ್ತದೆ. ಇದೇ ತತ್ತ್ವವನ್ನು ಬಟ್ಟೆಗೆ ಇಳಿಸಿ ಮಾಡಿದ ‘ಕಿಸಾನ್ ಕವಚ’ ಎಂಬ ಉಡುಪು 2024ರ ಡಿಸೆಂಬರಿನಲ್ಲಿ ಹೊರಬಂದಿತು. ವಿಷವನ್ನು ತಡೆದು ನಿಲ್ಲಿಸುವುದಕ್ಕಿಂತ ನಿರ್ವೀರ್ಯಗೊಳಿಸುವುದು ಅದರ ರೀತಿ. ಆದ್ದರಿಂದ ಬಟ್ಟೆ ರಬ್ಬರಿನಂತೆ ದಪ್ಪವಾಗಿರಬೇಕಿಲ್ಲ, ಒಗೆದು ಮತ್ತೆ ತೊಡಬಹುದು. ಆರಂಭದಲ್ಲಿ ಬೆಲೆ 4000 ರೂಪಾಯಿ. ಪಂಪು ಹೊರುವ ಕೂಲಿಕಾರನಿಗೆ ಇದು ಸಣ್ಣ ಮೊತ್ತವಲ್ಲ. ಕೊಂಡುಕೊಡುವವರು ಬೇರೆ ಇರಬೇಕಾದ ವಸ್ತು ಇದು.

ಕೆಲಸ ಮುಗಿದರೂ ವಿಷದ ಸಂಚಾರ ಮುಗಿಯುವುದಿಲ್ಲ. ತೊಟ್ಟ ಬಟ್ಟೆ ಮನೆಗೆ ಬರುತ್ತದೆ. ಮನೆಯ ಹೆಂಗಸರು ಅದನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಿ ಬರಿಗೈಯಲ್ಲಿ ಉಜ್ಜುತ್ತಾರೆ. ಹೊಲಕ್ಕೆ ಕಾಲಿಡದ ಅವರಿಗೂ ಪಾಲು ಸಲ್ಲುತ್ತದೆ. ಆ ಬಟ್ಟೆಯನ್ನು ಬೇರೆಯಾಗಿ, ಕೈಗವಸು ಹಾಕಿಕೊಂಡು ಒಗೆಯಬೇಕು. ಬರಿದಾದ ಡಬ್ಬಿಯ ಕಥೆ ಇನ್ನೂ ದೊಡ್ಡದು. ಅದು ಗಟ್ಟಿಯಾಗಿರುತ್ತದೆ, ಮುಚ್ಚಳ ಬಿಗಿಯಾಗಿರುತ್ತದೆ. ಬಿಸಾಡಲು ಮನಸ್ಸು ಬಾರದು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ ಮಕ್ಕಳಲ್ಲಿ 23 ಮಂದಿ ಸತ್ತರು. ಅಡುಗೆಯ ಎಣ್ಣೆಯಲ್ಲಿ ಮಾನೋಕ್ರೊಟೊಫಾಸ್ ಎಂಬ ಕೀಟನಾಶಕವಿದ್ದುದು ಪರೀಕ್ಷೆಯಲ್ಲಿ ಗೊತ್ತಾಯಿತು. ಎಣ್ಣೆಯನ್ನು ಕೀಟನಾಶಕದ ಡಬ್ಬದಲ್ಲಿ ಇಟ್ಟಿದ್ದರೆಂದು ಅಧಿಕಾರಿಗಳು ಹೇಳಿದರು. ವಿಷಕ್ಕೆ ‘ಎಣ್ಣೆ’ ಎಂಬ ಹೆಸರಿರುವ ನಾಡಿನಲ್ಲಿ ಈ ಸುದ್ದಿಯನ್ನು ಎರಡು ಸಲ ಓದಬೇಕು. ಡಬ್ಬಿ ಬರಿದಾದ ಕೂಡಲೇ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಹೊಡೆದು ಜಜ್ಜಿಬಿಟ್ಟರೆ ಅದು ಮತ್ತೆ ಯಾರ ಅಡುಗೆಮನೆಯನ್ನೂ ಸೇರದು.

ಇಷ್ಟಾದರೂ ಒಮ್ಮೊಮ್ಮೆ ಹೊಲದಲ್ಲಿ ಒಬ್ಬನು ತಲೆ ತಿರುಗಿ ಕುಳಿತುಬಿಡುತ್ತಾನೆ. ಬಿಸಿಲಿನ ಬಳಲಿಕೆಯೆಂದು ಜೊತೆಯವರು ನೆರಳಿನಲ್ಲಿ ಮಲಗಿಸಿ ಕಾಯುವುದುಂಟು. ಬಿಸಿಲಿಗೆ ಬಳಲಿದವನ ಬಾಯಿ ಒಣಗುತ್ತದೆ; ವಿಷ ತಗಲಿದವನ ಬಾಯಲ್ಲಿ ಜೊಲ್ಲು ಸುರಿಯುತ್ತದೆ. ಜೊಲ್ಲು ಕಂಡರೆ ಒಂದು ಗಳಿಗೆಯನ್ನೂ ಕಳೆಯಬಾರದು. ಅವನ ಬಟ್ಟೆಯನ್ನು ಕಳಚಿ, ಮೈಯನ್ನೂ ತಲೆಗೂದಲನ್ನೂ ಸಾಬೂನಿನಿಂದ ತೊಳೆಯಬೇಕು. ತೊಳೆಯುವವನು ತನ್ನ ಕೈಗಳನ್ನು ಕಾಪಾಡಿಕೊಳ್ಳಬೇಕು. ಹಾಲು ಕುಡಿಸುವುದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಬೇಡ. 108ಕ್ಕೆ ಕರೆ ಮಾಡಿ, ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ವೈದ್ಯರು ಕೇಳುವ ಮೊದಲ ಪ್ರಶ್ನೆ, “ಯಾವುದನ್ನು ಹೊಡೆಯುತ್ತಿದ್ದ?” ಎಂಬುದು. ಸಾವಯವ ರಂಜಕ ವಿಷವಾದರೆ ಅಟ್ರೊಪಿನ್ ಕೊಡಬೇಕು. ಬೇರೆ ಜಾತಿಯದಾದರೆ ಚಿಕಿತ್ಸೆಯೂ ಬೇರೆ. “ಔಷಧಿ ಸಾಹೇಬ್ರ, ಹತ್ತಿಗೆ ಹೊಡಿಯೋ ಔಷಧಿ” ಎಂಬ ಉತ್ತರದಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಆದುದರಿಂದ ರೋಗಿಯನ್ನು ಹೊರಡಿಸುವಾಗ ಡಬ್ಬಿಯನ್ನೂ ಅದರ ಚೀಟಿಯನ್ನೂ ಒಂದು ಚೀಲದಲ್ಲಿ ಕಟ್ಟಿ ಜೊತೆಗೆ ಕಳುಹಿಸಬೇಕು.